ಶಟರ್ ಎತ್ತದ ಭುಜಕ್ಕೆ ಮೊಬೈಲ್ ಮೇಷ್ಟ್ರು!

ದಾವಣಗೆರೆ: ಬೆಳಿಗ್ಗೆ ಒಂಬತ್ತೂವರೆಗೆ ಚೌಕಿಪೇಟೆಯಲ್ಲಿ ನಿಂತರೆ ಒಂದರ ಹಿಂದೊಂದು 'ಘರ್‌ರ್' ಎಂಬ ಸದ್ದು ಕೇಳುತ್ತದೆ. ಊರಿನ ವ್ಯಾಪಾರ ಕಣ್ಣು ಬಿಡುವ ಸದ್ದು ಅದು. ಐದು ನಿಮಿಷ ಹೆಚ್ಚಿಗೆ ನಿಂತರೆ ಇನ್ನೊಂದು ನೋಟವೂ ಕಾಣುತ್ತದೆ. ಐವತ್ತು ದಾಟಿದ ಯಜಮಾನರು ಶಟರಿನ ಹಿಡಿಗೆ ಎಡಗೈ ಹಾಕಿ, ಸೊಂಟ ವಾರೆ ಮಾಡಿ, ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡು, "ಲೇ ತಮ್ಮಾ, ಒಂಚೂರು ಕೈ ಹಾಕಲೇ" ಎಂದು ಪಕ್ಕದಂಗಡಿ ಹುಡುಗನನ್ನು ಕೂಗುತ್ತಾರೆ. ಹುಡುಗ ಒಂದೇ ಏಟಿಗೆ ಎತ್ತಿ ಹೋಗುತ್ತಾನೆ. ಯಜಮಾನರು ಒಳಗೆ ಹೋಗಿ ಊದಿನಕಡ್ಡಿ ಹಚ್ಚಿದರೆ, ದೇವರ ಪಟದ ಎತ್ತರಕ್ಕೆ ಕೈಯೇ ಹೋಗದು.

ಬಸ್ ನಿಲ್ದಾಣದಲ್ಲೂ ಇದೇ ಕಥೆ. ಹರಿಹರದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನೇತಾಡುವ ನೌಕರರಲ್ಲಿ ಎಷ್ಟು ಜನ ಸರಳಿನ ಮೇಲೆ ಕೈ ಬದಲಿಸುತ್ತಲೇ ಇರುತ್ತಾರೆ, ಗಮನಿಸಿ. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದಾಗ 'ಅಯ್ಯಪ್ಪಾ' ಎನ್ನುವ ಉದ್ಗಾರ ಯಾವಾಗಲೂ ಭಯದಿಂದಲೇ ಬರುವುದಲ್ಲ. ಹೆಣ್ಣುಮಕ್ಕಳು ಹೇಳಿಕೊಳ್ಳುವುದು ಕಡಿಮೆ. ಜಡೆ ಹೆಣೆಯುವಾಗ, ಅಟ್ಟದ ಮೇಲಿನ ಡಬ್ಬ ಇಳಿಸುವಾಗ, ಹಿಂದಕ್ಕೆ ಕೈ ಹಾಕಿ ಹುಕ್ಕು ಹಾಕಿಕೊಳ್ಳುವಾಗ ಅವರಿಗೂ ಅದೇ ಚಳಕು. ರಾತ್ರಿ ಆ ಮಗ್ಗುಲಿಗೆ ಮಲಗಿದರೆ ನಿದ್ದೆ ಹಾರಿಹೋಯಿತು.

ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನರ ಹಿಡ್ಕೊಂಡೈತಿ ಸಾರ್." ಇಲ್ಲವೇ "ವಾಯು."

ಹೆಚ್ಚಿನವರಲ್ಲಿ ಅದು ನರವೂ ಅಲ್ಲ, ವಾಯುವೂ ಅಲ್ಲ. ಅದು ಸ್ನಾಯುರಜ್ಜು. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹಗ್ಗ ಎಂದರೆ ಸರಿಹೋದೀತು. ನಡುವಯಸ್ಸಿನ ಭುಜನೋವಿನಲ್ಲಿ ಅತಿ ಹೆಚ್ಚು ಕಾಣುವುದು ಈ ಹಗ್ಗದ ತಕರಾರೇ. ಇದಕ್ಕೆ ಮದ್ದು ಇದೆ. ವಿಚಿತ್ರವೆಂದರೆ ಆ ಮದ್ದು ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಅರ್ಧ ಭಾಗ ರೋಗಿಯ ಮನೆಯ ಗೋಡೆಯಲ್ಲಿದೆ, ಇನ್ನರ್ಧ ಅವನ ಜೇಬಿನ ಮೊಬೈಲಿನಲ್ಲಿರಬಹುದು.

ಬಸಿಯ ಮೇಲಿನ ನಿಂಬೆಹಣ್ಣು

ಸೊಂಟದ ಕೀಲು ಒರಳಿನೊಳಗಿನ ಗುಂಡಿನಂತೆ. ಆಳವಾಗಿ ಕೂತಿರುತ್ತದೆ, ಅಲುಗಾಡುವುದು ಕಷ್ಟ. ಭುಜದ್ದು ಹಾಗಲ್ಲ. ಚಹಾ ಬಸಿಯ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಬಸಿ ಚಿಕ್ಕದು, ಹಣ್ಣು ದೊಡ್ಡದು. ಹೀಗಿರುವುದರಿಂದಲೇ ಕೈ ಮೇಲೆ, ಕೆಳಗೆ, ಹಿಂದೆ, ಸುತ್ತ ಎಲ್ಲ ಕಡೆ ತಿರುಗುತ್ತದೆ. ಹೀಗಿರುವುದರಿಂದಲೇ ಜಾರುವ ಅಪಾಯವೂ ಉಂಟು.

ಹಣ್ಣು ಜಾರದಂತೆ ಹಿಡಿದಿರುವುದು ನಾಲ್ಕು ಸಣ್ಣ ಮಾಂಸಖಂಡಗಳು. ಅವು ಬೆನ್ನಿನ ರೆಕ್ಕೆ ಎಲುಬಿನಿಂದ ಹೊರಟು, ತುದಿಯಲ್ಲಿ ರಜ್ಜುಗಳಾಗಿ, ಅಂಗಿ ತೋಳಿನ ಕಫ್ ಮಣಿಕಟ್ಟನ್ನು ಸುತ್ತುವಂತೆ ತೋಳೆಲುಬಿನ ತಲೆಯನ್ನು ಸುತ್ತುತ್ತವೆ. ಡಾಕ್ಟರುಗಳು 'ರೊಟೇಟರ್ ಕಫ್' ಅನ್ನುವುದು ಇದಕ್ಕೇ. ನಾಲ್ಕರಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಹೆಸರು ದೊಡ್ಡದು, ದೇಹ ಸಣ್ಣದು, ಪೆಟ್ಟು ತಿನ್ನುವುದರಲ್ಲಿ ಮೊದಲನೆಯದು. ಕೈಯನ್ನು ಪಕ್ಕಕ್ಕೆ ಎತ್ತುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಮೂವತ್ತು ವರ್ಷ ಶಟರ್ ಎತ್ತಿದ, ಅಕ್ಕಿ ಮೂಟೆ ಎಳೆದ, ಮಂಡಕ್ಕಿ ಭಟ್ಟಿಯಲ್ಲಿ ಮರಳು ತಿರುವಿದ ಭುಜದಲ್ಲಿ ಆ ರಜ್ಜು ಹಳೇ ಸೇದುವ ಹಗ್ಗದಂತೆ ಎಳೆಎಳೆಯಾಗಿರುತ್ತದೆ. ರಜ್ಜುವಿಗೆ ರಕ್ತದ ಸರಬರಾಜು ಮಾಂಸಖಂಡಕ್ಕಿಂತ ಕಡಿಮೆ. ಹಾಗಾಗಿ ರಿಪೇರಿ ನಿಧಾನ.

ಈ ಗಾಯ ದೊಡ್ಡವರನ್ನೂ ಬಿಟ್ಟಿಲ್ಲ. ೧೯೯೭ರಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡದ್ದು ಇದೇ ರೊಟೇಟರ್ ಕಫ್ ದೆಸೆಯಿಂದ. ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ಆಟ ಇಲ್ಲ. ಆಮೇಲೆ ಮರಳಿ ಬಂದು ೨೦೦೩ರ ವಿಶ್ವಕಪ್‌ವರೆಗೂ ಚೆಂಡು ಎಸೆದರು. ಅವರಿಗೆ ಹಿಂದೆ ಡಾಕ್ಟರು, ಮುಂದೆ ಫಿಸಿಯೋ. ಮಂಡಿಪೇಟೆಯ ದಿನಸಿ ಅಂಗಡಿಯವನಿಗೆ ಯಾರು?

ಅವನ ಪಾಡು ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಮೊದಲ ತಿಂಗಳು ಮುಲಾಮು. ಎರಡನೇ ತಿಂಗಳು ಔಷಧಿ ಅಂಗಡಿಯ ಗುಳಿಗೆ, ಚೀಟಿ ಇಲ್ಲದೆ. ಮೂರನೇ ತಿಂಗಳು ಯಾರೋ ಹೇಳಿದ ಊರಿಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡು ಬರುತ್ತಾನೆ. ನಾಲ್ಕನೇ ತಿಂಗಳು ಡಾಕ್ಟರ ಹತ್ತಿರ ಹೋಗಿ, "ಸ್ಕ್ಯಾನ್ ಬರ್ಕೊಡ್ರಿ ಸಾರ್" ಎಂದು ತಾನೇ ಕೇಳುತ್ತಾನೆ. ಸ್ಕ್ಯಾನಿನ ಕಾಗದದಲ್ಲಿ 'ಹರಿದಿದೆ' ಎಂಬ ಅರ್ಥದ ಪದ ಕಂಡದ್ದೇ ತಡ, ಮನೆಯಲ್ಲಿ ಅಳು. "ಆಪರೇಶನ್ ಆಗ್ದಿದ್ರೆ ಕೈ ಹೋಗ್ತತಂತೆ!"

ಹರಿದಿದೆ, ಆದರೂ ನೋವಿಲ್ಲ

ಈ ಅಳುವಿಗೆ ಒಂದು ಸಮಾಧಾನ ಇದೆ. ೧೯೯೫ರಲ್ಲಿ ಅಮೆರಿಕದ ವೈದ್ಯರು ಭುಜನೋವೇ ಇಲ್ಲದ ೯೬ ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೋಡಿದರು. ನೂರಕ್ಕೆ ೩೪ ಜನರ ಭುಜದಲ್ಲಿ ರಜ್ಜು ಅಷ್ಟೋ ಇಷ್ಟೋ ಹರಿದಿತ್ತು. ಅರವತ್ತು ದಾಟಿದವರಲ್ಲಂತೂ ನೂರಕ್ಕೆ ೫೪. ಅವರೆಲ್ಲ ಆರಾಮಾಗಿ ಕೈ ಎತ್ತಿಕೊಂಡು ಓಡಾಡುತ್ತಿದ್ದವರೇ! ವಯಸ್ಸಾದಂತೆ ತಲೆಗೂದಲು ನೆರೆಯುವ ಹಾಗೆ ರಜ್ಜುವೂ ಸವೆಯುತ್ತದೆ ಎಂದಾಯಿತು. ಸ್ಕ್ಯಾನಿನಲ್ಲಿ ಹರುಕು ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನುವಂತಿಲ್ಲ, ಹೊಲಿಸಲೇಬೇಕು ಎಂದೂ ಅಲ್ಲ.

ಶಸ್ತ್ರಚಿಕಿತ್ಸೆಯ ಕಥೆ ಇನ್ನೂ ಸ್ವಾರಸ್ಯ. ೧೯೭೨ರಲ್ಲಿ ಅಮೆರಿಕದ ಚಾರ್ಲ್ಸ್ ನೀರ್ ಎಂಬ ಸರ್ಜನ್ ಒಂದು ವಾದ ಮುಂದಿಟ್ಟರು. ಭುಜದ ಮೇಲಿನ ಎಲುಬಿನ ಚಾವಣಿ ಕೆಳಗಿನ ರಜ್ಜುವಿಗೆ ಉಜ್ಜುತ್ತದೆ, ಅದಕ್ಕೇ ನೋವು. ಚಾವಣಿಯನ್ನು ಸ್ವಲ್ಪ ಕೆತ್ತಿದರೆ ಜಾಗವಾಗುತ್ತದೆ ಎಂದು. ಬಡಗಿಯ ತರ್ಕ. ಬಾಗಿಲು ಹಿಡಿದುಕೊಂಡರೆ ಹತ್ತರಿ ಹೊಡೆಯುವುದಿಲ್ಲವೇ? ಕೇಳಿದವರಿಗೆ ತಕ್ಷಣ ಒಪ್ಪಿಗೆಯಾಗುವ ಮಾತು. ನಾಲ್ಕು ದಶಕ ಲೋಕದ ಎಷ್ಟೋ ಭುಜಗಳ ಎಲುಬು ಕೆತ್ತಲಾಯಿತು.

ಕೊನೆಗೆ ಇಂಗ್ಲೆಂಡಿನವರು ಒಂದು ಪರೀಕ್ಷೆ ಮಾಡಿದರು. ೩೧೩ ರೋಗಿಗಳು. ಕೆಲವರಿಗೆ ನಿಜವಾದ ಕೆತ್ತನೆ, ಕೆಲವರಿಗೆ ಬರೀ ದುರ್ಬೀನು ತೂರಿಸಿ ನೋಡಿ ಹೊರತೆಗೆದದ್ದು, ಉಳಿದವರಿಗೆ ಯಾವ ಚಿಕಿತ್ಸೆಯೂ ಇಲ್ಲ. ಮೊದಲೆರಡು ಗುಂಪಿನವರಿಗೆ ತಮಗೆ ಆದದ್ದು ಯಾವುದೆಂದು ಗೊತ್ತಿಲ್ಲ. ೨೦೧೮ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾದ ಫಲಿತಾಂಶ ಏನೆಂದರೆ, ಎಲುಬು ಕೆತ್ತಿಸಿಕೊಂಡವರಿಗೂ ಸುಮ್ಮನೆ ದುರ್ಬೀನು ತೂರಿಸಿಕೊಂಡವರಿಗೂ ವ್ಯತ್ಯಾಸವಿಲ್ಲ! ಶಸ್ತ್ರಚಿಕಿತ್ಸೆಯೇ ಆಗದವರಿಗಿಂತ ಇಬ್ಬರೂ ಎಲ್ಲೋ ಕೂದಲೆಳೆಯಷ್ಟು ಮುಂದೆ, ಅಷ್ಟೇ. ಅದೇ ವರ್ಷ ಫಿನ್ಲೆಂಡಿನವರು ೨೧೦ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯೂ ಅದನ್ನೇ ಹೇಳಿತು. ೨೦೧೯ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ತಜ್ಞರ ಮಾರ್ಗಸೂಚಿ ಈ ಕೆತ್ತನೆ ಬೇಡವೆಂದು ಬಿಗಿಯಾಗಿಯೇ ಹೇಳಿತು.

ಹಾಗೆಂದು ಎಲ್ಲ ಭುಜದ ಆಪರೇಶನ್ನೂ ಸುಳ್ಳು ಎಂದು ಯಾರೂ ಓದಿಕೊಳ್ಳಬಾರದು. ಬೈಕಿನಿಂದ ಬಿದ್ದು, ಏಣಿಯಿಂದ ಜಾರಿ, ಅಂದಿನಿಂದಲೇ ಕೈ ಎತ್ತಲು ಆಗದವನ ವಿಷಯ ಬೇರೆ. ಹಾಗೆ ಫಕ್ಕನೆ ಹರಿದ ರಜ್ಜುವನ್ನು ಬೇಗ ಹೊಲಿಯುವುದರಲ್ಲಿ ಅರ್ಥವಿದೆ, ತಡವಾದರೆ ಹೊಲಿಗೆ ಹಿಡಿಯುವುದು ಕಷ್ಟ. ಆದರೆ ಪೆಟ್ಟಿಲ್ಲದೆ, ಸವೆತದಿಂದ ಪೂರ್ತಿ ಹರಿದವರಲ್ಲೂ ವ್ಯಾಯಾಮ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಇಂಥ ೪೫೨ ಜನರಿಗೆ ಮೊದಲು ವ್ಯಾಯಾಮ ಕೊಟ್ಟು ನೋಡಿದರು. ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಕಾಲು ಭಾಗಕ್ಕಿಂತ ಕಡಿಮೆ. ೨೦೧೩ರಲ್ಲಿ ಇದು ಪ್ರಕಟವಾಯಿತು.

ಒಂದು ಗಂಟೆ ಸಾಕೆ?

ವ್ಯಾಯಾಮ ಎಂದರೆ ಫಿಸಿಯೋಥೆರಪಿ. ಫಿಸಿಯೋಥೆರಪಿ ಎಂದರೆ ಓಡಾಟ. ಇಲ್ಲೇ ಇರುವುದು ತೊಡಕು. ಎರಡು ಮೆಡಿಕಲ್ ಕಾಲೇಜು, ಒಂದು ಜಿಲ್ಲಾ ಆಸ್ಪತ್ರೆ ಇರುವ ಊರಿದು, ಕೊರತೆ ಏನು ಎನ್ನಬಹುದು. ಜಗಳೂರಿನ ಸೈಕಲ್ ಶಾಪಿನವನನ್ನು ಕೇಳಿ ನೋಡಿ. ವಾರಕ್ಕೆ ಮೂರು ದಿನ ಬನ್ನಿ ಅಂದರೆ ಅವನು ವಾರಕ್ಕೆ ಮೂರು ದಿನ ಬಾಗಿಲು ಹಾಕಬೇಕು. ಚನ್ನಗಿರಿ ಕಡೆಯ ಹೆಣ್ಣುಮಗಳಿಗೆ ೨೦೨೩ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿಯಿತು, ಸರಿ. ಆದರೆ ಕಳೆದ ಕೂಲಿಗೆ, ಮನೆಯಲ್ಲಿ ಬಿಟ್ಟು ಬಂದ ಕೂಸಿಗೆ ಯಾರು ಟಿಕೆಟ್ ಕೊಡುತ್ತಾರೆ? ಆದ್ದರಿಂದ ಎರಡು ವಾರ ಬರುತ್ತಾರೆ, ಮೂರನೇ ವಾರ ನಿಲ್ಲಿಸುತ್ತಾರೆ. "ಫಿಸಿಯೋ ಮಾಡ್ಸಿದ್ವಿ, ಏನೂ ಆಗ್ಲಿಲ್ರಿ" ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಈ ಲೆಕ್ಕವೇ.

ಇದೇ ಲೆಕ್ಕ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೂ ಬಂತು. ಅಲ್ಲೂ ಸರದಿ ಉದ್ದ, ಕೈಗಳು ಕಡಿಮೆ. ಆಕ್ಸ್‌ಫರ್ಡಿನ ಸಂಶೋಧಕರು 'ಗ್ರಾಸ್ಪ್' ಎಂಬ ಪರೀಕ್ಷೆಗೆ ಕೈ ಹಾಕಿದರು. ರಜ್ಜು ತಕರಾರಿನಿಂದ ಭುಜನೋವು ಶುರುವಾಗಿ ಆರು ತಿಂಗಳೊಳಗಿನ ೭೦೮ ಜನ. ಅವರಲ್ಲಿ ಒಂದು ಪಾಲಿಗೆ ನಾಲ್ಕು ತಿಂಗಳಲ್ಲಿ ಆರು ಸಲದವರೆಗೆ ಫಿಸಿಯೋ ಎದುರು ನಿಂತು ಹೆಜ್ಜೆಹೆಜ್ಜೆಯಾಗಿ ಏರುವ ವ್ಯಾಯಾಮ. ಇನ್ನೊಂದು ಪಾಲಿಗೆ ಒಂದೇ ಒಂದು ಭೇಟಿ, ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಫಿಸಿಯೋ ಭುಜ ಪರೀಕ್ಷಿಸಿ, ವ್ಯಾಯಾಮ ತೋರಿಸಿ, ಎಷ್ಟು ಮಾಡಬೇಕು, ಯಾವಾಗ ಹೆಚ್ಚಿಸಬೇಕು ಎಂದು ಹೇಳಿ, ಕೈಗೆ ಒಂದು ಪುಸ್ತಿಕೆ, ನೋಡಿಕೊಂಡು ಮಾಡಲು ವಿಡಿಯೋ ಕೊಟ್ಟು ಮನೆಗೆ ಕಳಿಸಿದರು.

ವರ್ಷ ಕಳೆದ ಮೇಲೆ ನೋವು ಮತ್ತು ಕೈ ಕೆಲಸವನ್ನು ನೂರು ಅಂಕದ ಮಾಪಕದಲ್ಲಿ ಅಳೆದರು. ಎರಡೂ ಗುಂಪು ಸುಧಾರಿಸಿದ್ದವು. ಎರಡರ ನಡುವಿನ ಅಂತರ ಒಂದು ಅಂಕದಷ್ಟೂ ಇರಲಿಲ್ಲ! ೨೦೨೧ರಲ್ಲಿ ಇದು 'ಲ್ಯಾನ್ಸೆಟ್'ನಲ್ಲಿ ಬಂತು. ಭುಜಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, ಕೊಡದೆಯೂ ಅದರಲ್ಲೇ ನೋಡಿದ್ದರು. ಚುಚ್ಚಿಸಿಕೊಂಡವರಿಗೆ ಎಂಟನೇ ವಾರದಲ್ಲಿ ಒಂದಿಷ್ಟು ಹೆಚ್ಚು ಆರಾಮ, ವರ್ಷದ ಲೆಕ್ಕಕ್ಕೆ ಬಂದರೆ ಲಾಭವಿಲ್ಲ. ರಾತ್ರಿ ನಿದ್ದೆಯೇ ಇಲ್ಲದವನಿಗೆ ಆ ಎಂಟು ವಾರವೂ ದೊಡ್ಡದೇ ಅನ್ನಿ. ಸಕ್ಕರೆ ಕಾಯಿಲೆಯವರು ಮಾತ್ರ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಈ ಚುಚ್ಚುಮದ್ದಿನಿಂದ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ.

ಇಲ್ಲಿ ಒಂದು ಮಾತನ್ನು ಬಚ್ಚಿಡಬಾರದು. ಗ್ರಾಸ್ಪ್‌ನಲ್ಲಿ ಏನೂ ಮಾಡದೆ ಸುಮ್ಮನಿದ್ದ ಗುಂಪು ಇರಲಿಲ್ಲ. ಸುಧಾರಣೆಯಲ್ಲಿ ವ್ಯಾಯಾಮದ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಅದರಿಂದ ಬಿಡಿಸಲಾಗದು. ಇನ್ನೊಂದು ಮಾತು ಅದಕ್ಕಿಂತ ಮುಖ್ಯ. ಆ ಜನಕ್ಕೆ ವಿಡಿಯೋ ಒಂದನ್ನೇ ಕೊಟ್ಟು ಕಳಿಸಿರಲಿಲ್ಲ. ಮೊದಲು ಒಂದು ಗಂಟೆ ಒಬ್ಬ ಬಲ್ಲವರು ಮುಟ್ಟಿ ನೋಡಿ, ಇದು ರಜ್ಜುವಿನದೇ ನೋವು ಎಂದು ಗೊತ್ತುಮಾಡಿದ್ದರು. ವಿಡಿಯೋ ಬಂದದ್ದು ಆಮೇಲೆ, ನೆನಪಿಗೆ. ಮೇಷ್ಟ್ರು ಪಾಠ ಮಾಡಿದ ಮೇಲೆ ಕೈಗೆ ಕೊಟ್ಟ ನೋಟ್ಸು ಅದು. ಮೇಷ್ಟ್ರೇ ಇಲ್ಲದೆ ನೋಟ್ಸು ಓದಿ ಪಾಸಾದವರು ಎಷ್ಟು ಜನ?

ರೀಲ್ ನೋಡಿ ಕೈ ಮುರಿದುಕೊಂಡಾರು!

ಮೊಬೈಲಿನಲ್ಲಿ 'ಭುಜ ನೋವು' ಎಂದು ಹುಡುಕಿದರೆ ಸಾಲು ನಿಲ್ಲುವುದೇ ಇಲ್ಲ. ಕನ್ನಡದಲ್ಲೂ ಬೇಕಾದಷ್ಟಿವೆ. ಕೆಲವು ನಿಜವಾಗಿ ಚೆನ್ನಾಗಿವೆ. ಹಲವು ಅರ್ಧ ನಿಮಿಷದ ರೀಲುಗಳು. ಇಪ್ಪತ್ತೈದರ ಹುಡುಗ, ಬಿಗಿ ಬನಿಯನ್ನು, ಹಿಂದೆ ಢಂಢಂ ಸಂಗೀತ, 'ಏಳೇ ದಿನದಲ್ಲಿ ನೋವು ಮಾಯ'. ಏಳು ದಿನದಲ್ಲಿ ರಜ್ಜು ಗಟ್ಟಿಯಾಗುವುದಿಲ್ಲ ಸ್ವಾಮಿ. ಸಾಧಾರಣವಾಗಿ ಫಿಸಿಯೋಗಳು ಹೇಳುವುದು ಹನ್ನೆರಡು ವಾರ. ಯುಗಾದಿ ಮರುದಿನ ಶುರು ಮಾಡಿದರೆ ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೆ, ಅದೂ ಅಧಿಕ ಮಾಸ ಬಾರದ ವರ್ಷವಾದರೆ!

ರೀಲಿನ ಹುಡುಗನಿಗೆ ನೋಡುವವರ ಭುಜದಲ್ಲಿ ಏನಿದೆಯೆಂದು ಗೊತ್ತಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ 'ಫ್ರೋಜನ್ ಶೋಲ್ಡರ್' ಎಂಬುದೊಂದಿದೆ. ಕೀಲಿನ ಚೀಲವೇ ಬಿಗಿದು ಭುಜ ಸೆಟೆದುಕೊಳ್ಳುತ್ತದೆ, ಬೇರೆಯವರು ಹಿಡಿದು ಎತ್ತಿದರೂ ಕೈ ಮೇಲೆ ಹೋಗದು. ಅದರ ದಾರಿ ಬೇರೆ. ಕತ್ತಿನ ನರ ಒತ್ತಿಯೂ ಭುಜ ನೋಯುತ್ತದೆ, ಆಗ ಬೆರಳುಗಳಲ್ಲಿ ಜುಮುಜುಮು ಇರುತ್ತದೆ. ಜ್ವರ ಬಂದು ಭುಜ ಕೆಂಪಾಗಿ ಊದಿದರೆ ಅದು ಕಾಯುವ ಸಂಗತಿಯಲ್ಲ. ಎಲ್ಲಕ್ಕಿಂತ ಅಪಾಯದ್ದು ಎದೆ ಬಿಗಿದು, ಬೆವರಿ, ಉಸಿರು ಕಟ್ಟಿ ಬರುವ ಎಡ ಭುಜದ ನೋವು. ಅಂಗಡಿ ಗಲ್ಲಾದ ಮುಂದೆ ಕೂತು ಅದಕ್ಕೆ ಮುಲಾಮು ತಿಕ್ಕುತ್ತಾ ಕೂರಬಾರದು. ಅದು ಹೃದಯದ್ದಿರಬಹುದು. ಆಗ ಬೇಕಾದ್ದು ವಿಡಿಯೋ ಅಲ್ಲ, ಆಂಬುಲೆನ್ಸು, ನಂಬರು ೧೦೮.

ಇವೆಲ್ಲ ಅಲ್ಲ, ರಜ್ಜುವೇ ಎಂದು ಡಾಕ್ಟರೋ ಫಿಸಿಯೋನೋ ಹೇಳಿದ ಮೇಲೆ ಮೊಬೈಲ್ ಮೇಷ್ಟ್ರ ಸರದಿ. ಅದರಲ್ಲೂ ಬೇರೆ ಯಾರದೋ ವಿಡಿಯೋಕ್ಕಿಂತ ಸ್ವಂತದ್ದೇ ಮೇಲು. ಫಿಸಿಯೋ ತೋರಿಸಿಕೊಡುವಾಗ, "ಮೇಡಂ, ನನ್ನ ಫೋನ್‌ನಾಗೇ ಒಂಚೂರು ಹಿಡೀರಿ" ಎಂದು ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ತಾನೇ ಮಾಡುತ್ತಿರುವುದು, ಪಕ್ಕದಲ್ಲಿ ಫಿಸಿಯೋ "ಭುಜ ಕಿವಿ ಹತ್ರ ತರಬೇಡ್ರಿ, ಕೆಳಗಿಳಿಸ್ರಿ" ಎಂದು ತಿದ್ದುವ ದನಿ, ಇಷ್ಟಿದ್ದರೆ ಮನೆಯಲ್ಲಿ ತಪ್ಪುವ ಸಂಭವ ಕಡಿಮೆ. ಬೇರೆಯವರ ವಿಡಿಯೋದಲ್ಲಿ ಇನ್ನೊಂದು ಪೇಚಾಟವಿದೆ. ಎದುರು ನಿಂತು ಮಾಡುವವನ ಬಲಗೈ ನೋಡುವವನಿಗೆ ಎಡಗಡೆ ಕಾಣುತ್ತದೆ. ನೋವಿರುವ ಕೈ ಬಿಟ್ಟು ಒಳ್ಳೆಯ ಕೈಗೆ ವಾರಗಟ್ಟಲೆ ಕಸರತ್ತು ಮಾಡಿಸಿದರೆ ಪ್ರಯೋಜನ?

ಮಾಡುವುದಾದರೂ ಏನು? ಕೇಳಿದರೆ ನಗು ಬರುವಷ್ಟು ಸಾದಾ. ಒಳ್ಳೆಯ ಕೈಯನ್ನು ಮೇಜಿಗೆ ಊರಿ ಬಗ್ಗಿ, ನೋವಿನ ಕೈಯನ್ನು ಇಳಿಬಿಟ್ಟು ಗಡಿಯಾರದ ಲೋಲಕದಂತೆ ತೂಗುವುದು. ಅಂಗಡಿ ಕೌಂಟರಿನ ಮೇಲೆ ಟವೆಲು ಹಾಸಿ, ಅದರ ಮೇಲೆ ಅಂಗೈ ಇಟ್ಟು ಮುಂದಕ್ಕೆ ಜಾರಿಸುವುದು. ಗೋಡೆಗೆ ಮುಖ ಮಾಡಿ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಹತ್ತಿಸುತ್ತಾ ಹೋಗಿ, ಎಲ್ಲಿಯವರೆಗೆ ಹೋಯಿತೋ ಅಲ್ಲೊಂದು ಸೀಮೆಸುಣ್ಣದ ಗೀಟು ಎಳೆಯುವುದು. ಆ ಗೀಟು ವಾರವಾರ ಮೇಲೇರುವುದು ಸಣ್ಣ ಸುಖವಲ್ಲ.

ಅಲ್ಲಿಗೇ ನಿಂತರೆ ಆಗದು. ಬಹಳ ಜನ ನಿಲ್ಲುವುದೂ ಅಲ್ಲೇ. ಕೈ ಆಡಿಸುವುದು ಬೇರೆ, ರಜ್ಜುವಿಗೆ ಬಲ ಬರಿಸುವುದು ಬೇರೆ. ಬಲ ಬರಲು ಭಾರ ಬೇಕು, ಭಾರ ಏರಬೇಕು. ಮೊದಲು ಬಾಗಿಲ ಚೌಕಟ್ಟಿಗೆ ಮುಂಗೈಯ ಹಿಂಬದಿ ಒತ್ತಿ, ಕೈ ಕದಲದಂತೆ ಕೆಲವು ಕ್ಷಣ ಹಿಡಿದು ಬಿಡುವುದು. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ನಡುವೆ ಮಡಚಿದ ಟವೆಲು ಸಿಕ್ಕಿಸಿ, ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿದರಾಯಿತು. ಎಳೆಯುವಾಗ ಇರುವ ಶ್ರದ್ಧೆ ಬಿಡುವಾಗಲೂ ಇರಬೇಕು, ಫಟ್ಟನೆ ಬಿಡಬಾರದು. ಇನ್ನೂ ಮುಂದೆ, ಗೋಡೆಗೆ ಕೈ ಊರಿ ನಿಂತೇ ದಂಡ ಹೊಡೆಯುವುದು, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೈ ಎತ್ತುವುದು. ಗರಡಿಯಲ್ಲಿ ಮಣ್ಣು ಮುಟ್ಟಿದವರಿಗೆ ಈ ಏರಿಕೆಯ ಲೆಕ್ಕ ಹೇಳಿಕೊಡಬೇಕಿಲ್ಲ. ಮೊದಲ ದಿನವೇ ಭಾರದ ಗದೆ ತಿರುಗಿಸಲು ಯಾವ ಉಸ್ತಾದನೂ ಬಿಡುತ್ತಿರಲಿಲ್ಲ.

ನೋವು ಬಂದರೆ? ಇಲ್ಲೇ ಜನ ಎರಡು ಬಗೆಯಾಗುತ್ತಾರೆ. ಒಬ್ಬ ಚೂರು ನೋವಿಗೇ ಹೆದರಿ ಕೈಯನ್ನು ಜೋಳಿಗೆಗೆ ಹಾಕುತ್ತಾನೆ, ತಿಂಗಳಲ್ಲಿ ಭುಜ ಇನ್ನೂ ಬಿಗಿಯುತ್ತದೆ. ಇನ್ನೊಬ್ಬ "ನೋವಾದ್ರೇನೇ ವಾಸಿ" ಎಂದು ಹಲ್ಲು ಕಚ್ಚಿ ಎಳೆಯುತ್ತಾನೆ, ಮೂರು ದಿನ ಮೇಲೇಳುವುದಿಲ್ಲ. ಫಿಸಿಯೋಗಳು ಹೇಳುವ ಲೆಕ್ಕ ನಡುವಿನದು. ಹತ್ತಕ್ಕೆ ನಾಲ್ಕೈದು ಅಂಕದಷ್ಟು ನೋವು ವ್ಯಾಯಾಮದಲ್ಲಿ ಇದ್ದರೆ ಇರಲಿ, ಮರುದಿನ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಮಾಡಿದ್ದು ಜಾಸ್ತಿ ಆಯಿತು, ಇವತ್ತು ಕಡಿಮೆ ಮಾಡಿ. ಹನ್ನೆರಡು ವಾರ ಬಿಡದೆ ಮಾಡಿಯೂ ಕೈ ಏಳದಿದ್ದರೆ ಮತ್ತೆ ಡಾಕ್ಟರ ಮುಂದೆ ಹೋಗಲೇಬೇಕು. ದಿನಕ್ಕೆ ಹತ್ತು ಹದಿನೈದು ನಿಮಿಷದ ಕೆಲಸ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಎಲ್ಲ ಅಂಗಡಿಯಲ್ಲೂ ಇರುತ್ತದೆ. ಪಕ್ಕದವರು ನಗುತ್ತಾರೆ ಎಂದು ಸಂಕೋಚ ಬೇಡ. ಪಕ್ಕದವರಿಗೂ ಐವತ್ತಾಗುತ್ತದೆ.

ಇನ್ನು ಆಸ್ಪತ್ರೆಗಳ ವಿಷಯ. ಇಂಗ್ಲೆಂಡಿನ ಪರೀಕ್ಷೆ ಕೊಟ್ಟ ಒಂದು ಗಂಟೆಯನ್ನು ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಕೊಡುವುದು ಕಷ್ಟ, ಒಪ್ಪೋಣ. ಅರ್ಧ ಗಂಟೆ? ಒಂದೇ ಬಗೆಯ ಹತ್ತು ಭುಜಗಳನ್ನು ಒಟ್ಟಿಗೆ ಕೂರಿಸಿ ಹೇಳಿದರೂ ಆಗದೆ? ಒಬ್ಬ ಫಿಸಿಯೋ, ಒಂದು ಮೊಬೈಲು, ಒಂದು ಗೋಡೆ, ಒಂದು ಟವೆಲು ಇಷ್ಟಿದ್ದರೆ ಜಿಲ್ಲಾ ಆಸ್ಪತ್ರೆಯದೇ ಒಂದು ವಿಡಿಯೋ ಆಗುತ್ತದೆ. ಇದೇ ಊರಿನ ಮಾತಿನಲ್ಲಿ, ಇದೇ ಊರಿನ ಐವತ್ತೈದರ ದೇಹವೊಂದನ್ನು ನಿಲ್ಲಿಸಿ ತೆಗೆಯಲಿ. ಬಿಗಿ ಬನಿಯನ್ನಿನ ಹುಡುಗ ಬೇಡ. ಚೀಟಿ ಬರೆಯುವಾಗಲೇ ರೋಗಿಯ ಫೋನಿಗೆ ಕಳಿಸಲಿ. ೨೦೨೦ರ ಲಾಕ್‌ಡೌನಿನಲ್ಲಿ ಆಸ್ಪತ್ರೆ ಬಾಗಿಲು ಮುಚ್ಚಿದಾಗ ಎಷ್ಟೋ ಫಿಸಿಯೋಗಳು ವಿಡಿಯೋ ಕಾಲಿನಲ್ಲೇ ರೋಗಿಗಳಿಗೆ ಕೈಕಾಲು ಆಡಿಸಿದರು. ಅಂದು ಆದದ್ದು ಇಂದು ಆಗಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ. ತಿಂಗಳಿಗೊಂದು ಸಲ ಐದು ನಿಮಿಷ ಕಾಲ್ ಮಾಡಿ, "ಗೀಟು ಎಲ್ಲಿಗೆ ಬಂತ್ರಿ?" ಎಂದು ಕೇಳಿದರೆ ಜಗಳೂರಿನವನ ಒಂದು ದಿನದ ವ್ಯಾಪಾರ ಉಳಿಯುತ್ತದೆ, ಬಿಟ್ಟುಹೋಗುವ ಸಂಭವವೂ ಕಡಿಮೆಯಾಗುತ್ತದೆ.

ಸ್ಮಾರ್ಟ್ ಫೋನ್ ಇಲ್ಲದವರ ಗತಿ? ಅವರನ್ನು ಮರೆಯಬಾರದು. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಲ್ಲಿ, ಹಮಾಲರಲ್ಲಿ ಬಟನ್ ಫೋನಿನವರು ಇನ್ನೂ ಇದ್ದಾರೆ. ಗ್ರಾಸ್ಪ್‌ನವರೂ ವಿಡಿಯೋ ಜೊತೆ ಪುಸ್ತಿಕೆ ಕೊಟ್ಟಿದ್ದರು. ನಾಲ್ಕು ಪುಟ, ನಾಲ್ಕು ಚಿತ್ರ, ದಪ್ಪಕ್ಷರ ಸಾಕು. ಮನೆಯಲ್ಲಿ ಮಗನದೋ ಮೊಮ್ಮಗಳದೋ ಫೋನಿದ್ದರೆ ಆ ಮಗುವೇ ಮೇಷ್ಟ್ರು: "ತಾತಾ, ಮೊಣಕೈ ಪಕ್ಕೆಗೆ ಇರ್ಲಿ!"

ಅಂದಹಾಗೆ ಶಟರಿನ ವಿಷಯ. ಎಷ್ಟೋ ಅಂಗಡಿಗಳ ಶಟರು ಎಣ್ಣೆ ಕಂಡು ವರ್ಷಗಳಾಗಿವೆ, ಒಳಗಿನ ಸ್ಪ್ರಿಂಗ್ ಸೋತಿದೆ, ಇಡೀ ತಗಡಿನ ಭಾರ ಭುಜದ ಮೇಲೆ. ಸ್ಪ್ರಿಂಗ್ ಬಿಗಿಮಾಡಿಸಲು ಮೆಕ್ಯಾನಿಕ್ ಕೇಳುವ ದುಡ್ಡು ಒಂದು ಎಂಆರ್‌ಐ ದುಡ್ಡಿನ ಹತ್ತಿರಕ್ಕೂ ಬರುವುದಿಲ್ಲ. ಎತ್ತುವಾಗ ಕೂತು, ಎರಡೂ ಕೈ ಹಿಡಿಗೆ ಹಾಕಿ, ಕಾಲಿನ ಬಲದಿಂದ ಏಳಬೇಕು. ತಲೆಯ ಮೇಲಿನ ಕೊನೆಯ ಎರಡು ಅಡಿಗೆ ಕೊಕ್ಕೆ ಕೋಲು ಇಟ್ಟುಕೊಂಡರೆ ಒಳ್ಳೆಯದು. ಮೂಟೆ, ಡಬ್ಬ ಭಾರದ್ದೆಲ್ಲ ಎದೆಮಟ್ಟದ ಕೆಳಗಿನ ಹಲಗೆಗೆ ಇಳಿಯಲಿ, ಬಿಸ್ಕತ್ತು, ಹಪ್ಪಳ ಮೇಲಕ್ಕೆ ಹೋಗಲಿ. ಬಸ್ಸಿನಲ್ಲಿ ನಿಲ್ಲುವವರು ಮೇಲಿನ ಸರಳು ಬಿಟ್ಟು ಸೀಟಿನ ಹಿಂದಿನ ಹಿಡಿಯನ್ನೋ ಬಾಗಿಲ ಬಳಿಯ ನೆಟ್ಟನೆ ಕಂಬವನ್ನೋ ಎದೆಮಟ್ಟದಲ್ಲಿ, ಒಳ್ಳೆಯ ಕೈಯಲ್ಲಿ ಹಿಡಿಯಬಹುದು. ಸಂಜೆ ಐದೂವರೆಯ ಹರಿಹರ ಬಸ್ಸಿನಲ್ಲಿ ಆ ಕಂಬದ ಹತ್ತಿರ ಜಾಗ ಸಿಗುವುದೂ ಕಷ್ಟ, ಸ್ಟ್ಯಾಂಡಿನಲ್ಲೇ ಹತ್ತಿಕೊಳ್ಳುವುದು ವಾಸಿ.